ಮನೆಯವರು ನನಗೆ ಹೇಳದೆ ತಮ್ಮನ ಸಾಲಕ್ಕೆ ಜಾಮೀನು ಹಾಕಿದಾರೆ, ಈ ಮಾತು ಹೇಗೆ ತೆಗೀಲಿ?

ಮಗಳಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಆರು ವರ್ಷ ಆಯ್ತು, ಮಗಳಿಗೆ ಈಗ ಮೂರು. ಅವಳು ಹುಟ್ಟಿದ ಮೇಲೆ ನಾನು ಕೆಲಸ ಬಿಟ್ಟೆ, ಅದು ಇಬ್ಬರೂ ಕೂತು ಮಾತಾಡಿಯೇ ತಗೊಂಡ ತೀರ್ಮಾನ, ಅದರ ಬಗ್ಗೆ ಬೇಜಾರಿಲ್ಲ. ಆದ್ರೆ ಅವತ್ತಿಂದ ಪ್ರತಿಯೊಂದಕ್ಕೂ ಕೈ ಚಾಚೋ ಹಾಗಾಗಿದೆ. ಅವರು ಯಾವತ್ತೂ ಇಲ್ಲ ಅಂದಿಲ್ಲ, ಬೈದೂ ಇಲ್ಲ, ಆದ್ರೆ "ಯಾತಕ್ಕೆ?" ಅಂತ ಒಂದು ಮಾತು ಕೇಳ್ತಾರೆ ನೋಡಿ, ಅಷ್ಟಕ್ಕೇ ನನ್ನ ಬಾಯಿ ಕಟ್ಟಿಹೋಗುತ್ತೆ. ಹೋದ ತಿಂಗಳು ಚಪ್ಪಲಿ ಕಿತ್ತುಹೋಗಿತ್ತು, ಕೇಳೋಕೆ ಮುಜುಗರ ಆಗಿ ಪಿನ್ ಚುಚ್ಕೊಂಡು ಹದಿನೈದು ದಿನ ಓಡಾಡಿದೀನಿ. ದುಡಿಯೋವಾಗ ಒಂದು ಸಲಾನೂ ಹೀಗನ್ನಿಸಿರಲಿಲ್ಲ.

ಮೊನ್ನೆ ಮಗಳ ವ್ಯಾಕ್ಸಿನ್ ಕಾರ್ಡ್ ಹುಡುಕ್ತಾ ಇದ್ದಾಗ ಫೈಲಲ್ಲಿ ಒಂದು ಪೇಪರ್ ಸಿಕ್ತು. ಮೈದುನನ ಬಿಸಿನೆಸ್ ಸಾಲಕ್ಕೆ ಇವರು ಜಾಮೀನು ಸೈನ್ ಹಾಕಿದಾರೆ, ಅದೂ ಹದಿನಾಲ್ಕು ತಿಂಗಳ ಹಿಂದೆ. ಮೊತ್ತ ಇವರ ಎರಡು ವರ್ಷದ ಸಂಬಳಕ್ಕಿಂತ ಜಾಸ್ತಿ. ಮೈದುನ ಒಳ್ಳೆ ಹುಡುಗ, ಸಹಾಯ ಮಾಡಿದ್ದು ತಪ್ಪು ಅಂತ ನಾನು ಹೇಳ್ತಾ ಇಲ್ಲ. ನಂಗೊಂದು ಚಪ್ಪಲಿಗೆ "ಯಾತಕ್ಕೆ" ಅಂತ ಕೇಳೋರು ಇಷ್ಟು ದೊಡ್ಡದನ್ನ ಒಂದು ಮಾತೂ ಹೇಳದೆ ಮಾಡಿದ್ರಲ್ಲ ಅಂತ ನಾಲ್ಕು ದಿನದಿಂದ ಒಳಗೊಳಗೇ ಕೊರೀತಿದೆ. ಇನ್ನೂ ಕೇಳಿಲ್ಲ. ಜಗಳ ಆಗದ ಹಾಗೆ ಹೇಗೆ ಶುರು ಮಾಡೋದು? ಈ ಜಾಮೀನಿಂದ ನಮಗೆ ನಿಜವಾಗ್ಲೂ ತೊಂದ್ರೆ ಆಗಬಹುದಾ?

ಹಳೇ ಜಾಮೀನುದಾರ:

ಅಕ್ಕಾ, ನಾನು ನಿಮ್ಮ ಯಜಮಾನರ ಜಾಗದಲ್ಲಿ ಇದ್ದೋನು, ಅದಕ್ಕೇ ಬರೀತಿದೀನಿ. ಜಾಮೀನು ಅಂದ್ರೆ ಬರೀ ಒಂದು ಸೈನ್, ಸಾಲ ತಗೊಂಡಿದ್ದು ಅವನು, ಕಟ್ಟೋನೂ ಅವನೇ ಅಂತ ನಾನೂ ಅಂದ್ಕೊಂಡಿದ್ದೆ. ಹಾಗಲ್ಲ. ಅವರು ಕಂತು ನಿಲ್ಲಿಸಿದ್ರೆ ಸಾಲ ಕೊಟ್ಟೋರು ಸಾಮಾನ್ಯವಾಗಿ ನೇರವಾಗಿ ಜಾಮೀನುದಾರನ ಹತ್ರ ಬರಬಹುದು, ಅಸಲು, ಬಡ್ಡಿ, ದಂಡ ಎಲ್ಲಾ ಸೇರಿಸಿ. ನಾಳೆ ನೀವೇ ಮನೆಗೆ ಸಾಲ ಕೇಳೋಕೆ ಹೋದಾಗ್ಲೂ ಈ ಜಾಮೀನನ್ನ ನಿಮ್ಮ ತಲೆ ಮೇಲಿನ ಹೊರೆ ಅಂತಾನೇ ನೋಡಬಹುದು. ಮಧ್ಯದಲ್ಲಿ ನಂಗೆ ಬೇಡ ಅಂತ ಎದ್ದು ಬರೋಕೂ ಆಗಲ್ಲ, ಸಾಲ ತೀರಬೇಕು, ಇಲ್ಲಾ ಸಾಲ ಕೊಟ್ಟೋರು ಒಪ್ಪಬೇಕು, ಸಾಮಾನ್ಯವಾಗಿ ಬೇರೆ ಜಾಮೀನು ಕೊಟ್ಟ ಮೇಲೆ.

ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಅಂತಾರಲ್ಲ, ನನ್ನ ಗೆಳೆಯನ ವಿಷಯದಲ್ಲಿ ಹಾಗೇ ಆಯ್ತು, ಮೂರು ವರ್ಷ ಅವನ ಕಂತು ನಾನು ಕಟ್ಟಿದೆ. ಹೆಂಡತಿಗೆ ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ ಅಂದ್ರೆ ಅವಳು ಬೇಡ ಅಂದ್ರೆ ಗೆಳೆಯನ ಮುಂದೆ ತಲೆ ತಗ್ಗಿಸಬೇಕಾಗುತ್ತಲ್ಲ ಅಂತ, ಅವಳ ಮೇಲೆ ನಂಬಿಕೆ ಇಲ್ಲ ಅಂತಲ್ಲ. ನಿಮ್ಮೋರಿಗೂ ಅದೇ ಸಂಕಟ ಇರಬಹುದು, ಅಣ್ಣ ಅನ್ನಿಸಿಕೊಂಡ ಮೇಲೆ ತಮ್ಮನಿಗೆ ಇಲ್ಲ ಅನ್ನೋದು ಸುಲಭ ಅಲ್ಲ. ದುಡ್ಡು ಹೋಗಿದ್ದು ನಾವಿಬ್ಬರೂ ಮರೆತ್ವಿ, ಹೇಳದೆ ಇದ್ದಿದ್ದನ್ನ ಅವಳು ಮರೆಯೋಕೆ ತುಂಬಾ ದಿನ ಬೇಕಾಯ್ತು. ದಯವಿಟ್ಟು ಬೇಗ ಕೇಳಿ. ಮೊದಲು ಒಂದೇ ಪ್ರಶ್ನೆ, ಕಂತು ಸರಿಯಾಗಿ ಹೋಗ್ತಾ ಇದೆಯಾ ಅಂತ. ಮೈದುನನ ಹತ್ರ ಸಾಲದ ಸ್ಟೇಟ್‌ಮೆಂಟ್ ಕೇಳಿ ತರಿಸಿ, ಬಾಯಿಮಾತು ಸಾಕಾಗಲ್ಲ.

ದೊಡ್ಡಕ್ಕ:

ತಂಗೀ, ಚಪ್ಪಲಿ ವಿಷಯ ಓದಿ ಕಣ್ಣು ತುಂಬಿ ಬಂತು. ಮಗು ಮಲಗಿದ ಮೇಲೆ ಕೂತ್ಕೊಳಿ, ಅವರು ದಣಿದು ಬಂದ ತಕ್ಷಣ ಬೇಡ. "ನೀವ್ಯಾಕೆ ಮುಚ್ಚಿಟ್ರಿ" ಅಂತ ಶುರು ಮಾಡಿದ್ರೆ ಅವರು ತಮ್ಮನ ಪರ ವಕಾಲತ್ತಿಗೆ ನಿಲ್ತಾರೆ, ಮಾತು ಅಲ್ಲಿಗೇ ಮುಗೀತು. "ಈ ಪೇಪರ್ ಸಿಕ್ತು, ನಂಗೆ ಭಯ ಆಯ್ತು" ಅಂತ ಹೇಳಿ, ನಿಜಾನೂ ಅದೇ ಅಲ್ವಾ. ಪಿನ್ ಹಾಕಿದ ಚಪ್ಪಲಿ ಕಥೆನೂ ಹೇಳಿ. ಅವರಿಗೆ ಖಂಡಿತ ಗೊತ್ತಿರಲ್ಲ, ಎಷ್ಟೋ ಗಂಡಸರು "ಯಾತಕ್ಕೆ" ಅನ್ನೋದನ್ನ ಸುಮ್ನೆ ಮಾತಿಗೆ ಕೇಳ್ತಾರೆ, ಕೇಳಿಸಿಕೊಳ್ಳೋರಿಗೆ ಅದು ಹೇಗೆ ತಾಗುತ್ತೆ ಅಂತ ಯೋಚನೆ ಮಾಡಿರಲ್ಲ.

ಲೆಕ್ಕದ ಹುಚ್ಚು:

ಮೇಲಿನೋರು ಮನಸ್ಸಿನ ಮಾತು ಹೇಳಿದ್ರು, ನಾನು ಲೆಕ್ಕದ ಕಡೆ ಬರ್ತೀನಿ, ಯಾಕಂದ್ರೆ ವ್ಯವಸ್ಥೆ ಬದಲಾಗದೆ ಇದ್ರೆ ಮುಂದಿನ ತಿಂಗಳು ಮತ್ತೆ ಕೈ ಚಾಚೋದೇ. ಸಂಬಳ ಬಂದ ದಿನಾನೇ ಮನೆ ಖರ್ಚು ಜಂಟಿ ಖಾತೆಗೆ ಹೋಗಲಿ, ಅದರ ಕಾರ್ಡ್ ಇಬ್ಬರ ಹತ್ರಾನೂ ಇರಲಿ, ಆಮೇಲೆ ಇಬ್ಬರಿಗೂ ಸಮನಾಗಿ ಸ್ವಲ್ಪ ಸ್ವಲ್ಪ ಅವರವರ ಹೆಸರಿನ ಖಾತೆಗೆ. ಅದಕ್ಕೆ ಯಾರೂ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ನಾವಿಬ್ಬರೂ ದುಡೀತೀವಿ, ನಂದು 60 ಆದ್ರೆ ಅವಳದು 40, ಮನೆ ಖರ್ಚಿಗೂ ಅದೇ ಪ್ರಮಾಣದಲ್ಲಿ ಹಾಕ್ತೀವಿ, ಕೈಖರ್ಚು ಮಾತ್ರ ಇಬ್ಬರಿಗೂ ಒಂದೇ. ನೀವು ಮಗು ನೋಡ್ಕೊಳ್ಳೋದ್ರಿಂದಾನೇ ಅವರು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗ್ತಿರೋದು, ಹಾಗಾಗಿ ಆ ಸಂಬಳ ಇಬ್ಬರದ್ದು.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಕೆಲಸ ಬಿಟ್ಟ ದಿನ ಸಂಬಳದ ಜೊತೆಗೆ ನಿಮ್ಮ ವಯಸ್ಸಾದ ಕಾಲದ ಉಳಿತಾಯನೂ ನಿಂತುಹೋಯ್ತು. ವರ್ಷಕ್ಕೆ ಶೇ 8 ಬೆಳೆಯೋ ದುಡ್ಡು ಸುಮಾರು 9 ವರ್ಷಕ್ಕೆ ಡಬಲ್ ಆಗುತ್ತೆ (72ನ್ನ ಬಡ್ಡಿ ದರದಿಂದ ಭಾಗಿಸಿ ನೋಡಿ, ಅಷ್ಟು ವರ್ಷ), 27 ವರ್ಷಕ್ಕೆ ಎಂಟು ಪಟ್ಟು. ಅದಕ್ಕೇ ಕಡಿಮೆ ಆದ್ರೂ ಪರವಾಗಿಲ್ಲ, ನಿಮ್ಮ ಹೆಸರಲ್ಲಿ ಈಗ್ಲೇ ಶುರು ಮಾಡಿಸಿ. ಅದಕ್ಕೂ ಮುಂಚೆ ಕ್ರೆಡಿಟ್ ಕಾರ್ಡ್ ಬಾಕಿ ಏನಾದ್ರೂ ಇದ್ರೆ ಅದನ್ನ ತೀರಿಸಿ, ತಿಂಗಳಿಗೆ ಶೇ 3 ಅಂದ್ರೆ ಕಡಿಮೆ ಅನ್ಸುತ್ತೆ, ಚಕ್ರಬಡ್ಡಿ ಸೇರಿ ವರ್ಷಕ್ಕೆ ಶೇ 42 ದಾಟುತ್ತೆ, ಯಾವ ಉಳಿತಾಯನೂ ಅಷ್ಟು ಕೊಡಲ್ಲ. ಜಾಮೀನು ಇರೋದ್ರಿಂದ ಆಪತ್ಕಾಲಕ್ಕೆ ಅಂತ ಮೂರು ತಿಂಗಳ ಖರ್ಚು ಇಟ್ಕೊಂಡ್ರೆ ಸಾಲದು, ಆರು ತಿಂಗಳದ್ದು ಇಡಿ. ಒಬ್ಬರ ದುಡಿಮೆ ಮೇಲೆ ಮನೆ ನಿಂತಿರೋವಾಗ ಅವರ ಹೆಸರಲ್ಲಿ ಟರ್ಮ್ ಇನ್ಶೂರೆನ್ಸ್ (ಅವಧಿಯೊಳಗೆ ಅವರು ತೀರಿಕೊಂಡ್ರೆ ಮನೆಯವರಿಗೆ ದುಡ್ಡು ಬರೋ ಜೀವವಿಮೆ) ಇದೆಯಾ ಅಂತಾನೂ ಕೇಳಿ, ಜಾಮೀನಿನ ಮೊತ್ತನೂ ಅದರ ಲೆಕ್ಕದಲ್ಲಿ ಬರಬೇಕು.

ಮಗಳಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮಾತಾಡಿದೆ. ಪೇಪರ್ ನೋಡಿ ಅವರು ತುಂಬಾ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ "ನೀನು ಬೇಡ ಅಂದ್ಬಿಟ್ರೆ ಅವನಿಗೆ ಏನಂತ ಹೇಳ್ಲಿ ಅಂತ ಹೆದರಿದ್ದೆ" ಅಂದ್ರು, ಹಳೇ ಜಾಮೀನುದಾರರು ಬರೆದಿದ್ರಲ್ಲ, ಹೆಚ್ಚುಕಮ್ಮಿ ಅದೇ ಮಾತು. ನಾನೂ ಅತ್ತೆ, ಸ್ವಲ್ಪ ಜೋರಾಗಿ ಮಾತಾಡಿದೆ, ಜಗಳ ಆಗಲೇ ಇಲ್ಲ ಅಂತ ಹೇಳಲ್ಲ. ಚಪ್ಪಲಿ ತಂದು ಪಿನ್ ತೋರಿಸಿದಾಗ ಮಾತ್ರ ಅವರ ಮುಖ ನೋಡೋಕಾಗ್ಲಿಲ್ಲ.

ಮೈದುನನಿಗೆ ಆಗ್ಲೇ ಫೋನ್ ಮಾಡಿದ್ರು. ಎರಡು ಕಂತು ಬಾಕಿ ಇದೆಯಂತೆ, ಹೇಳೋಕೆ ಅವನಿಗೂ ನಾಚಿಕೆಯಂತೆ. ಭಾನುವಾರ ಸ್ಟೇಟ್‌ಮೆಂಟ್ ತಗೊಂಡು ಬರ್ತಾನೆ, ಮೂವರೂ ಕೂತ್ಕೋತೀವಿ. ಜಂಟಿ ಖಾತೆ ಫಾರಂ ತುಂಬಿಸಿದೀವಿ. ಇನ್ಶೂರೆನ್ಸ್ ಇದೆ, ಆದ್ರೆ ಮದುವೆಗೆ ಮುಂಚೆ ಮಾಡಿಸಿದ್ದು, ಕಡಿಮೆ ಮೊತ್ತ.

ಹಳೇ ಜಾಮೀನುದಾರ:

ಎರಡು ಕಂತು ಅಂದ್ರೆ ಇನ್ನೂ ಕೈಯಲ್ಲಿದೆ ಅಕ್ಕಾ. ಭಾನುವಾರ ತನಕ ಕಾಯಬೇಡಿ, ಸಾಲ ಕೊಟ್ಟೋರ ಹತ್ರ ಅವನೇ ಹೋಗಿ ಕಂತು ಕಡಿಮೆ ಮಾಡಿ ಅವಧಿ ಜಾಸ್ತಿ ಮಾಡೋಕೆ ಆಗುತ್ತಾ ಅಂತ ಕೇಳಲಿ, ನಿಮ್ಮೋರೂ ಜೊತೆಗೆ ಹೋಗಲಿ. ಒಟ್ಟು ಬಡ್ಡಿ ಜಾಸ್ತಿ ಆಗುತ್ತೆ ನಿಜ, ಆದ್ರೆ ಬಾಕಿ ಬೆಳೀತಾ ಹೋಗೋದಕ್ಕಿಂತ ವಾಸಿ. ಅವನ ಮೇಲೆ ರೇಗಬೇಡಿ, ರೇಗಿದ್ರೆ ಮೂರನೇ ಕಂತು ತಪ್ಪಿದಾಗ ಅವನು ಹೇಳಲ್ಲ.