ಹಳೆ ಟ್ರೈಯಾಂಗ್ ಆಟಿಕೆ ರೈಲಿಗೆ ಬದಲಿ ಮೋಟಾರ್ ಯಾವುದು ಹಾಕಲಿ?

ಪ್ರಶ್ನೆ (ಚಿಕ್ಕಬಳ್ಳಾಪುರದಿಂದ):
ಅಪ್ಪ ಹುಡುಗರಾಗಿದ್ದಾಗ ಅವರ ಸೋದರಮಾವ ಇಂಗ್ಲೆಂಡಿನಿಂದ ತಂದುಕೊಟ್ಟ ಟ್ರೈಯಾಂಗ್ ಕಂಪನಿಯ ಆಟಿಕೆ ರೈಲು ಸೆಟ್ ಅಟ್ಟದ ಮೇಲೆ ಸಿಕ್ಕಿತು. ಜಿಂಟಿ ಅನ್ನುವ ಮಾದರಿಯ ಕಪ್ಪು ಎಂಜಿನ್, ಆರು ಚಕ್ರ. 12 ವೋಲ್ಟ್ ಡಿಸಿ ಕೊಟ್ಟರೆ ಗುಂಯ್ ಅಂತ ಒಂದಡಿ ಹೋಗಿ ನಿಲ್ಲುತ್ತದೆ. ಮೋಟಾರ್ ಮುಟ್ಟಲಾರದಷ್ಟು ಬಿಸಿಯಾಗುತ್ತದೆ. ಸೆಟ್ಟಿನಲ್ಲಿದ್ದ ಇನ್ನೊಂದು ಎಂಜಿನ್ನನ್ನು ಒಬ್ಬ ರಿಪೇರಿಯವರಿಗೆ ಕೊಟ್ಟಿದ್ದೆ. ಆಟದ ಕಾರಿನ ಮೋಟಾರ್ ಹಾಕಿದರು. ಎರಡೇ ನಿಮಿಷಕ್ಕೆ ಹೊಗೆ ಬಂತು, ಹಳೇ ಮೋಟಾರೂ ವಾಪಸ್ ಸಿಗಲಿಲ್ಲ. ಇದಕ್ಕೂ ಹಾಗಾಗಬಾರದು. ಅಪ್ಪ ಚಿಕ್ಕಬಳ್ಳಾಪುರದಿಂದ ಕೋಲಾರಕ್ಕೆ ಆಗಿದ್ದ ನ್ಯಾರೋಗೇಜ್ ಪುಟ್ಟ ರೈಲಿನಲ್ಲೇ ಓಡಾಡಿದವರು. ಇದು ಓಡುವುದನ್ನು ಅವರು ಇನ್ನೊಮ್ಮೆ ನೋಡಬೇಕು ಅಂತ ಆಸೆ. ಯಾವ ಮೋಟಾರ್ ತರಲಿ?

ಉತ್ತರ (ತುಮಕೂರು, ಮೋಟಾರ್ ರಿವೈಂಡಿಂಗ್):
ಸದ್ಯಕ್ಕೆ ಯಾವುದನ್ನೂ ತರಬೇಡಿ. ನನ್ನ ದಿನದ ಕೆಲಸ ಬೋರ್‌ವೆಲ್ ಪಂಪಿನ ಮೋಟಾರ್ ಕಟ್ಟುವುದು. ಆದರೆ ಇಂಥ ಪುಟ್ಟ ಮೋಟಾರ್ ಟೇಬಲ್ಲಿಗೆ ಬಂದರೆ ಊಟ ಮರೆತು ಕೂರುತ್ತೇನೆ. ಜಿಂಟಿಯಲ್ಲಿ ಇರುವುದು ಎಕ್ಸ್‌04 ಅನ್ನುವ ಮೋಟಾರ್. ಹೊರಗೆ ಡಬ್ಬಿ ಇಲ್ಲ, ತಂತಿ ಸುತ್ತಿದ ತಿರುಗುವ ಭಾಗ, ಅಂದರೆ ಆರ್ಮೇಚರ್, ಕಣ್ಣಿಗೇ ಕಾಣುತ್ತದೆ. ಹಿಂದೆ ಒಂದು ದಪ್ಪ ಅಯಸ್ಕಾಂತ, ಮುಂದೆ ವರ್ಮ್, ಅಂದರೆ ಗೇರು ತಿರುಗಿಸುವ ಸ್ಕ್ರೂ. ಇಷ್ಟು ಸಲೀಸಾಗಿ ಬಿಚ್ಚಿ ಜೋಡಿಸಬಹುದಾದ ಮೋಟಾರ್ ಈಗ ಯಾರೂ ಮಾಡುವುದಿಲ್ಲ. ಹೆಚ್ಚಿನವು ಸತ್ತಿರುವುದಿಲ್ಲ, ಸೊರಗಿರುತ್ತವೆ.

ಮಲ್ಟಿಮೀಟರ್ ಇದೆಯಾ? ಎರಡೂ ಕಾರ್ಬನ್ ಬ್ರಷ್ ಸರಿಸಿ. ಬ್ರಷ್ ಉಜ್ಜುವ ಜಾಗ ಕಮ್ಯುಟೇಟರ್, ಅದರ ಮೂರು ತಾಮ್ರದ ಪಟ್ಟಿಗಳಲ್ಲಿ ಎರಡೆರಡನ್ನು ಹಿಡಿದು ಓಮ್ ಅಳೆಯಿರಿ. ಮೂರು ಅಳತೆಯೂ ಹೆಚ್ಚುಕಡಿಮೆ ಒಂದೇ ಬರಬೇಕು. ಒಂದು ಬೇರೆ ಬಂದರೆ ಒಂದು ತಂತಿ ಸುತ್ತು ಹಾಳಾಗಿದೆ ಎಂದರ್ಥ. ಆಮೇಲೆ ಪಟ್ಟಿಗೂ ಶಾಫ್ಟಿಗೂ ಅಳೆಯಿರಿ. ಅಲ್ಲಿ ಸಂಪರ್ಕ ಇದೆ ಎಂದು ತೋರಿಸಬಾರದು.

ಪಟ್ಟಿಗಳ ನಡುವಿನ ಸೀಳಿನಲ್ಲಿ ಕಾರ್ಬನ್ ಪುಡಿ ಕೂತಿರುತ್ತದೆ. ಹಲ್ಲುಕಡ್ಡಿಯಿಂದ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಬ್ರಷ್ ಒತ್ತುವ ಸ್ಪ್ರಿಂಗ್ ನೋಡಿ: ಅದರ ಒಂದು ಕಾಲಿಗೆ ಮಾತ್ರ ಸಣ್ಣ ಇನ್ಸುಲೇಷನ್ ಕೊಳವೆ ಇರಬೇಕು. ಅದು ಉದುರಿಹೋಗಿದ್ದರೆ ನೇರ ಶಾರ್ಟ್.

ಶಾಫ್ಟ್ ತಿರುಗುವ ಬುಷ್‌ಗೆ ಹೊಲಿಗೆ ಮೆಷಿನ್ ಎಣ್ಣೆ, ಸೂಜಿ ತುದಿಯಲ್ಲಿ ಒಂದೇ ಹನಿ. ದಯವಿಟ್ಟು ಕೊಬ್ಬರಿ ಎಣ್ಣೆ ಬೇಡ. ನಿಮ್ಮ ಕಡೆ ಡಿಸೆಂಬರ್ ಚಳಿಗೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಲ್ವಾ, ಬುಷ್ ಒಳಗೂ ಅದೇ ಆಗುತ್ತದೆ. ಎಷ್ಟೋ ಫ್ಯಾನುಗಳಿಂದ ಅದನ್ನು ಕೆರೆದು ತೆಗೆದಿದ್ದೇನೆ.

ಇನ್ನೊಂದು ಮಾತು. ಅಯಸ್ಕಾಂತವನ್ನು ಸುಮ್ನೆ ಹೊರಗೆ ಎಳೆಯಬೇಡಿ. ಅದು ಹಳೆಯ ಅಲ್ನಿಕೊ ಎಂಬ ಮಿಶ್ರಲೋಹದ ಅಯಸ್ಕಾಂತ, ಅದರ ಎರಡು ಧ್ರುವಗಳಿಗೆ ಕಬ್ಬಿಣದ ಸೇತುವೆ ತಪ್ಪಿದರೆ ಶಕ್ತಿ ಕಳೆದುಕೊಳ್ಳುತ್ತದೆ.

ಪ್ರಶ್ನೆ (ಅದೇ ಚಿಕ್ಕಬಳ್ಳಾಪುರದವರು):
ಆಟದ ಕಾರಿನ ಮೋಟಾರ್ ಯಾಕೆ ಸುಟ್ಟಿತು? ಅಳತೆ ಹೆಚ್ಚುಕಡಿಮೆ ಅದೇ ಇತ್ತಲ್ಲ. ಒಂದು ವೇಳೆ ಇದೂ ಹೋಗಿದ್ದರೆ ಹೊಸದನ್ನು ಹೇಗೆ ಆರಿಸುವುದು?

ಉತ್ತರ (ತುಮಕೂರು):
ಅದು 3 ಅಥವಾ 6 ವೋಲ್ಟಿನ ಮೋಟಾರ್ ಆಗಿರುತ್ತದೆ. ಅದಕ್ಕೆ 12 ಕೊಟ್ಟರೆ ಇನ್ನೇನಾಗುತ್ತದೆ? ಗಾತ್ರ ನೋಡಿ ಮೋಟಾರ್ ಆರಿಸುವುದು ಅಂದರೆ ಬಣ್ಣ ನೋಡಿ ಹಸು ಕೊಂಡ ಹಾಗೆ. ಮೊದಲು 12 ವೋಲ್ಟ್, ಆಮೇಲೆ ವೇಗ, ಆಮೇಲೆ ಶಾಫ್ಟ್. ಗಾತ್ರ ಕೊನೆಗೆ.

ವೇಗದ ಲೆಕ್ಕ ಹೀಗೆ. ಚಕ್ರದ ಮೇಲಿನ ಗೇರಿನಲ್ಲಿ 20 ಹಲ್ಲು ಇದೆ ಎಂದು ಇಟ್ಟುಕೊಳ್ಳೋಣ, ನೀವು ಎಣಿಸಿ ನೋಡಿ. ಮೋಟಾರ್ ಒಂದು ಸುತ್ತು ಬಂದರೆ ವರ್ಮ್ ಒಂದು ಹಲ್ಲು ತಳ್ಳುತ್ತದೆ. ನಿಮಿಷಕ್ಕೆ 10,000 ಸುತ್ತಿನ ಮೋಟಾರ್ ಹಾಕಿದರೆ ಚಕ್ರ 500 ಸುತ್ತು. 18 ಮಿಲಿಮೀಟರ್ ಚಕ್ರದ ಸುತ್ತಳತೆ ಸುಮಾರು 56. ನಿಮಿಷಕ್ಕೆ 28 ಮೀಟರ್, ಗಂಟೆಗೆ 1.7 ಕಿಲೋಮೀಟರ್. ಮಾದರಿ 1:76, ಅಂದರೆ ನಿಜ ಎಂಜಿನ್ನಿನ 76ರಲ್ಲಿ ಒಂದು ಪಾಲು, ಹಾಗಾಗಿ 76ರಿಂದ ಗುಣಿಸಿ: ನಿಜ ರೈಲಿನ ಲೆಕ್ಕದಲ್ಲಿ ಗಂಟೆಗೆ ಸುಮಾರು 129 ಕಿಲೋಮೀಟರ್. ಜಿಂಟಿ ಯಾರ್ಡಿನಲ್ಲಿ ಬೋಗಿ ತಳ್ಳುವ ಎಂಜಿನ್, ಅದಕ್ಕೆ ಇದೇ ಜಾಸ್ತಿ. 20,000 ಸುತ್ತಿನ ಮೋಟಾರ್ ಹಾಕಿದರೆ ತಿರುವಿನಲ್ಲಿ ನೇರ ಮೇಜಿನಿಂದ ಕೆಳಗೆ. ನಾನಾದರೆ 12 ವೋಲ್ಟಿಗೆ 6,000ದಿಂದ 8,000 ಸುತ್ತಿನದನ್ನೇ ಹುಡುಕುತ್ತೇನೆ.

ಎನ್‌20 ಅನ್ನುವ ಪುಟಾಣಿ ಮೋಟಾರ್ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸಿಗುತ್ತದೆ. 12 ಮಿಲಿಮೀಟರ್ ಅಗಲ, 10 ಎತ್ತರ. ಗೇರ್‌ಬಾಕ್ಸ್ ಇಲ್ಲದ್ದನ್ನೇ ಕೇಳಿ. ನಾಲ್ಕೈದು ಬೋಗಿಗೆ ಸಾಕು, ಉದ್ದ ಗಾಡಿಗೆ ಸಾಲದು. ಶಾಫ್ಟ್ ತೆಳು, ನಿಮ್ಮ ವರ್ಮಿನ ತೂತು ದೊಡ್ಡದು. ಮಧ್ಯೆ ಹಿತ್ತಾಳೆ ಬುಷ್ ಬೇಕು. ಅದನ್ನು ಲೇತ್‌ನಲ್ಲೇ ಮಾಡಿಸಿ. ಟೇಪ್ ಸುತ್ತಿ ಕೂರಿಸಿದರೆ ವರ್ಮ್ ಓಲಾಡಿ ಗೇರಿನ ಹಲ್ಲು ತಿನ್ನುತ್ತದೆ. ಆ ಗೇರ್ ಹೋದರೆ ಮೋಟಾರಿಗಿಂತ ದೊಡ್ಡ ತಲೆನೋವು.

ಕೋರ್‌ಲೆಸ್, ಅಂದರೆ ತಂತಿ ಸುತ್ತಿನೊಳಗೆ ಕಬ್ಬಿಣವಿಲ್ಲದ ಮೋಟಾರ್ ನುಣ್ಣಗೆ ಓಡುತ್ತದೆ, ಆದರೆ ಹಾಫ್‌ವೇವ್ (ಅರ್ಧ ಅಲೆಯ ಕರೆಂಟ್ ಮಾತ್ರ ಕೊಡುವುದು) ಇರುವ ಹಳೆ ಕಂಟ್ರೋಲರಿಗೆ ಅದು ಬೇಡ, ಬಿಸಿಯಾಗುತ್ತದೆ. ಯಾವುದನ್ನೇ ಹಾಕಿ, ಎಂಜಿನ್ನಿನ ಚಾಸಿಯನ್ನು (ಅಡಿಯ ಚೌಕಟ್ಟು) ಮಾತ್ರ ಕೊರೆಯಬೇಡಿ. ಹಳೇ ಮೋಟಾರನ್ನು ಡಬ್ಬಿಯಲ್ಲಿಟ್ಟು ಹೆಸರು ಬರೆದಿಡಿ.

ಪ್ರಶ್ನೆ (ಕೋಲಾರದಿಂದ):
ನನ್ನ ಹತ್ತಿರ ಜರ್ಮನಿಯ ಮರ್ಕ್ಲಿನ್ ಕಂಪನಿಯ ಹಳೆ ಆಟಿಕೆ ಎಂಜಿನ್ ಇದೆ. ಹಳಿಯ ಮಧ್ಯೆ ಸಣ್ಣ ಚುಕ್ಕೆಗಳಿವೆ. ಇದಕ್ಕೂ 12 ವೋಲ್ಟ್ ಡಿಸಿ ಮೋಟಾರ್ ಹಾಕಬಹುದಾ?

ಉತ್ತರ (ತುಮಕೂರು):
ನೇರ ಹಾಕಬೇಡಿ. ಹಳೆ ಮರ್ಕ್ಲಿನ್ ಓಡುವುದು ಎಸಿಯಲ್ಲಿ, 16 ವೋಲ್ಟ್‌ವರೆಗೆ. ದಿಕ್ಕು ಬದಲಿಸಲು 24 ವೋಲ್ಟಿನ ಒಂದು ಹೊಡೆತ ಕೊಡುತ್ತಾರೆ. ಅದರ ಮೋಟಾರಿನಲ್ಲಿ ಅಯಸ್ಕಾಂತದ ಜಾಗದಲ್ಲೂ ತಂತಿ ಸುತ್ತು ಇರುತ್ತದೆ. ಡಿಸಿ ಮೋಟಾರ್ ಅಲ್ಲಿ ನಡುಗಿ ಬಿಸಿಯಾಗುತ್ತದೆ, ಅಷ್ಟೇ. ಇರುವುದನ್ನೇ ರಿವೈಂಡ್ ಮಾಡಿಸುವುದು ಒಳ್ಳೆಯದು.

ಚಿಕ್ಕಬಳ್ಳಾಪುರದವರು:
ಅಳೆದೆ ಸರ್. ಮೂರೂ ಒಂದೇ ಬಂತು! ಶಾಫ್ಟಿಗೆ ಸಂಪರ್ಕ ತೋರಿಸಲಿಲ್ಲ. ಕೊಳವೆ ಇದೆ. ಸ್ವಚ್ಛ ಮಾಡಿದ ಮೇಲೆ ಎರಡು ಸುತ್ತು ಓಡಿತು. ಆದರೆ ಇನ್ನೂ ಬಿಸಿ, ಎಳೆತ ಇಲ್ಲ. ಅಯಸ್ಕಾಂತಕ್ಕೆ ಸೂಜಿ ಕೂಡ ಸರಿಯಾಗಿ ಅಂಟುತ್ತಿಲ್ಲ.

ಉತ್ತರ (ತುಮಕೂರು):
ತುಂಬಾ ಖುಷಿಯಾಯಿತು. ನಿಮ್ಮ ಮೋಟಾರ್ ಚೆನ್ನಾಗಿದೆ, ಅಯಸ್ಕಾಂತ ಸೋತಿದೆ. ಅದು ಸೋತಷ್ಟೂ ಮೋಟಾರ್ ಕರೆಂಟ್ ಜಾಸ್ತಿ ಎಳೆಯುತ್ತದೆ, ಅದೇ ನಿಮ್ಮ ಬಿಸಿ. ಹಳೇ ಅಯಸ್ಕಾಂತದ ಜಾಗಕ್ಕೆ ಸಣ್ಣ ನಿಯೋಡಿಮಿಯಂ ಅಯಸ್ಕಾಂತದ ತುಂಡು ಹಾಕಿ. ಉಳಿದ ದಪ್ಪಕ್ಕೆ ಮೃದು ಕಬ್ಬಿಣದ ಪಟ್ಟಿ ಸೇರಿಸಿ ಮೊದಲಿನ ಅಳತೆಗೆ ತನ್ನಿ. ತೀರಾ ಬಲವಾದದ್ದು ಬೇಡ. ಮೂರು ಪೋಲಿನ ಆರ್ಮೇಚರ್ ಅದಕ್ಕೆ ಸಿಕ್ಕಿಕೊಂಡು, ನಿಧಾನಕ್ಕೆ ಹೋಗುವಾಗ ಕುಲುಕುತ್ತದೆ. ಒಂದು ತುಂಡಿನಿಂದ ಶುರು ಮಾಡಿ.

ಆ ಕಾಲದ ಟ್ರಾನ್ಸ್‌ಫಾರ್ಮರ್ ಸೆಟ್ಟಿನಲ್ಲಿ ಇದ್ದರೆ ಅದನ್ನು ಪ್ಲಗ್‌ಗೆ ಹಾಕಬೇಡಿ. ಆ ವೈರಿನ ರಬ್ಬರ್ ಇಷ್ಟು ಹೊತ್ತಿಗೆ ಬಿರುಕು ಬಿಟ್ಟಿರುತ್ತದೆ. ಈಗ ಬಳಸುತ್ತಿರುವ ಡಿಸಿಯಲ್ಲೇ ಓಡಿಸಿ.

ಅಪ್ಪನನ್ನು ಕರೆಯುವ ಮೊದಲು ಒಮ್ಮೆ ಓಡಿಸಿ ನೋಡಿ. ಎಂಜಿನ್ ಹಿಂದಕ್ಕೆ ಹೋದರೆ ಗಾಬರಿ ಬೇಡ. ಅಯಸ್ಕಾಂತವನ್ನು ತಿರುಗಿಸಿ ಹಾಕಿ, ಮುಂದಕ್ಕೆ ಹೋಗುತ್ತದೆ.