ಸಹಾಯ ಬೇಕು: ಈ ಭಾನುವಾರ ಅಮ್ಮನಿಗೆ ಯಾವ ಸಿನಿಮಾ ತೋರಿಸಲಿ?

ಎಲ್ಲರಿಗೂ ನಮಸ್ಕಾರ. ಹೋದ ವಾರ ಮನೆಮಂದಿಯೆಲ್ಲ ಒಂದು ದೊಡ್ಡ ಸಿನಿಮಾಕ್ಕೆ ಹೋಗಿದ್ದೆವು. ಹೆಸರು ಬೇಡ ಬಿಡಿ, ಅಭಿಮಾನಿಗಳು ಮೇಲೆ ಬೀಳುತ್ತಾರೆ. ಟ್ರೇಲರ್ ಹತ್ತು ಸಲ ನೋಡಿ ಆಸೆ ಬೆಳೆಸಿಕೊಂಡಿದ್ದೆ. ತಪ್ಪು ಆಗಿದ್ದೇ ಅಲ್ಲಿ. ಚೆನ್ನಾಗಿದ್ದ ದೃಶ್ಯಗಳೆಲ್ಲ ಅದರಲ್ಲೇ ಮುಗಿದಿದ್ದವು! ಮೊದಲರ್ಧ ಪೂರ್ತಿ ಹೀರೋ ನಡೆದು ಬರೋದೇ ಆಯ್ತು, ಅದೂ ಸ್ಲೋ ಮೋಷನ್‌ನಲ್ಲಿ. ಇಂಟರ್ವಲ್ ಆದಮೇಲಾದರೂ ಕಥೆ ಶುರುವಾಗುತ್ತೆ ಅಂತ ಕಾದೆ. ಪಕ್ಕಕ್ಕೆ ತಿರುಗಿದರೆ ಅಮ್ಮ ಎಸಿ ಚಳಿಗೆ ಸೆರಗು ಹೊದ್ದು, ಮಡಿಲಲ್ಲಿ ಪಾಪ್‌ಕಾರ್ನ್ ಡಬ್ಬ ಇಟ್ಟುಕೊಂಡು, ಅಷ್ಟು ಗಲಾಟೆಯಲ್ಲೂ ಗಾಢ ನಿದ್ದೆ. ಕೊನೆಗೆ ತೆರೆ ಮೇಲೆ ಬಂದಿದ್ದು ‘ಮುಂದಿನ ಭಾಗದಲ್ಲಿ’.

“ಇದಕ್ಕೆ ಮನೇಲೇ ಮಲಗಬಹುದಿತ್ತಲ್ಲೋ” ಅಂದರು ಅಮ್ಮ.

ಅಮ್ಮನಿಗೆ ‘ತಿಥಿ’ ಸಿನಿಮಾ ಅಂದರೆ ಪ್ರಾಣ. ಅವರ ತವರು ಮಂಡ್ಯ ಕಡೆ. ಅದರಲ್ಲಿ ನಟಿಸಿದವರು ಹೆಚ್ಚಾಗಿ ಅಲ್ಲಿನ ಹಳ್ಳಿಯವರೇ, ಮಾತೂ ಅಲ್ಲಿನದ್ದೇ. 2015ರಲ್ಲಿ ಸ್ವಿಟ್ಜರ್ಲೆಂಡ್‌ನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು ಅಂದರೆ ಅಮ್ಮನಿಗೆ ಅದೆಲ್ಲ ಬೇಕಿಲ್ಲ. ಅದರಲ್ಲಿ ಬರೋ ಮುದುಕ ಗಡ್ಡಪ್ಪ ತನ್ನ ಪಾಡಿಗೆ ಸುಮ್ನೆ ನಡೆದು ಹೋದರೆ ಸಾಕು, ನಗ್ತಾರೆ. ನಡಿಗೆ ಅಲ್ಲೂ ಇದೆ, ಇಲ್ಲೂ ಇದೆ, ಏನು ವ್ಯತ್ಯಾಸವೋ ನೋಡಿ!

ಅಂಥ ಒಂದೆರಡು ಕನ್ನಡ ಸಿನಿಮಾ ಹೇಳ್ತೀರಾ? ಎರಡೂವರೆ ಗಂಟೆ ಮೀರದಿರಲಿ. ರಕ್ತ, ಕೊಡಲಿ, ಮಚ್ಚು ಬೇಡ. ಮನೆಯ ಟಿವಿಯಲ್ಲೇ ನೋಡೋ ಹಾಗಿದ್ದರೆ ಒಳ್ಳೇದು. ಯಾವ ಆ್ಯಪ್‌ನಲ್ಲಿದೆ ಅಂತಲೂ ಬರೆಯಿರಿ.

ಟ್ರೇಲರ್ ಲಿಂಕ್ ಮಾತ್ರ ದಯವಿಟ್ಟು ಹಾಕಬೇಡಿ.