ಸಹಾಯ ಬೇಕು: ಇಬಿ ಚರ್ಮರೋಗದ ಔಷಧಿ ಟ್ರಯಲ್ ಬಗ್ಗೆ ಗೊತ್ತಿರುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗನಿಗೆ ನಾಲ್ಕು ವರ್ಷ. ಡಿಸ್ಟ್ರೋಫಿಕ್ ಎಪಿಡರ್ಮೊಲೈಸಿಸ್ ಬುಲ್ಲೋಸಾ (ಇಬಿಯ ಒಂದು ಬಗೆ) ಇದೆ. ಅಂಗಿಯ ಹೊಲಿಗೆ ಉಜ್ಜಿದರೂ ನೀರುಗುಳ್ಳೆ ಏಳುತ್ತದೆ, ಅದಕ್ಕೇ ಅಂಗಿಯನ್ನು ಉಲ್ಟಾ ಹಾಕುತ್ತೇವೆ. ಜೀನ್ ಟೆಸ್ಟ್ ಆಗಿದೆ, ದೋಷ ಇರುವುದು ಸಿಒಎಲ್7ಎ1 ಜೀನ್‌ನಲ್ಲಿ.

ಅಮೆರಿಕದಲ್ಲಿ 2023ರಲ್ಲಿ ವೈಜುವೆಕ್ ಅನ್ನುವ ಜೆಲ್‌ಗೆ ಒಪ್ಪಿಗೆ ಸಿಕ್ಕಿದೆ. ವಾರಕ್ಕೊಮ್ಮೆ ಗಾಯದ ಮೇಲೆ ಹಾಕುವುದು. ಅದರಲ್ಲಿರುವ ಮಾರ್ಪಡಿಸಿದ ಹರ್ಪಿಸ್ ವೈರಸ್ ಸರಿಯಾದ ಜೀನನ್ನು ಚರ್ಮದ ಕೋಶಕ್ಕೆ ಮುಟ್ಟಿಸುತ್ತದಂತೆ. ಬೆಲೆ ಕೇಳಿ ಸುಮ್ನಾದೆವು.

ಇಂಥ ಔಷಧಿಯ ಟ್ರಯಲ್ ಭಾರತದಲ್ಲಿ ಎಲ್ಲಾದರೂ ಇದೆಯಾ? ಭಾರತದ ಟ್ರಯಲ್‌ಗಳನ್ನು ನೋಂದಾಯಿಸುವ ಸಿಟಿಆರ್‌ಐ ಪಟ್ಟಿಯಲ್ಲಿ ಹುಡುಕಿದೆ, ಅರ್ಧ ಅರ್ಥವೇ ಆಗಲಿಲ್ಲ. ಮಕ್ಕಳನ್ನು ಟ್ರಯಲ್‌ಗೆ ಸೇರಿಸಿದವರು ಹೇಳಿ, ಬಯಾಪ್ಸಿಗೆ ಚರ್ಮದ ಚೂರನ್ನು ಎಷ್ಟು ಸಲ ತೆಗೆಯುತ್ತಾರೆ? ಓಡಾಟದ ಖರ್ಚು ಕೊಡುತ್ತಾರಾ? ಎಣ್ಣೆ, ಸೊಪ್ಪಿನ ರಸದ ಸಲಹೆ ಬೇಡ, ಪ್ಲೀಸ್. ಗಾಯಕ್ಕೆ ಅಂಟದ ಡ್ರೆಸ್ಸಿಂಗ್ ಕಡಿಮೆ ಬೆಲೆಗೆ ಸಿಗುವ ಜಾಗ ಗೊತ್ತಿದ್ದರೆ ಅದನ್ನೂ ತಿಳಿಸಿ.